ಲೋಕಪುರಾಣಗಳ ಗ್ರಂಥಗಳನ್ನು ಓದುವ ಬಗೆ: ಪಠ್ಯೀಕರಣದ ಕೆಲವು ಪ್ರಶ್ನೆಗಳು

1. ಪೀಠಿಕೆ

ಮಲೆಯ ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪ, ಮೈಲಾರಲಿಂಗ ಮೊದಲಾದ ಸಾಂಸ್ಕೃತಿಕ ವೀರರ ಕಥನಗಳು ಗ್ರಂಥರೂಪದಲ್ಲಿ ದೊರೆಯತೊಡಗಿದ ಮೇಲೆ, ಅವುಗಳನ್ನು ಜಗತ್ತಿನ ಇತರ ಸಂಸ್ಕೃತಿಗಳ ಪುರಾಣಕಥೆಗಳೊಡನೆ ಹೋಲಿಸಿ ನೋಡಬೇಕೆಂಬ ಅಪೇಕ್ಷೆ ಕನ್ನಡದ ಸಂಶೋಧಕರಲ್ಲಿ ಮೂಡುವುದು ಸಹಜವಾಗಿದೆ. ಸ್ನಾತಕೋತ್ತರ ತರಗತಿಗಳಲ್ಲಿ ತೌಲನಿಕ ಸಾಹಿತ್ಯವನ್ನೂ ಜಾನಪದವನ್ನೂ ಬೋಧಿಸುವ ಅಧ್ಯಾಪಕರಿಗೂ ಈ ಹೋಲಿಕೆ ಅನಿವಾರ್ಯ. ಆದರೆ ಇಂಥ ಹೋಲಿಕೆಯ ಎರಡು ತಟ್ಟೆಗಳಲ್ಲಿ ನಾವು ಇಡುವ ಸಾಮಗ್ರಿ ಒಂದೇ ತೆರನಾದುದಲ್ಲ. ಒಂದು ಕಡೆ, ಗಾಯಕನ ಹೆಸರು, ಊರು, ಹಾಡಿದ ಸಂದರ್ಭ, ವಾದ್ಯ, ಮೇಳ ಇವೆಲ್ಲ ನಮೂದಾಗಿರುವ ಸಾವಿರಾರು ಸಾಲುಗಳ ಕಥನವಿರುತ್ತದೆ. ಇನ್ನೊಂದು ಕಡೆ, ಇಂಗ್ಲಿಷಿನ ಯಾವುದೋ ಕೈಪಿಡಿಯಿಂದ ಎತ್ತಿಕೊಂಡ ಎರಡು ಪುಟಗಳ ಸಾರಾಂಶವಿರುತ್ತದೆ. ಆ ಸಾರಾಂಶವನ್ನೇ 'ಗ್ರೀಕ್ ಪುರಾಣ', 'ಮಾಯಾ ಪುರಾಣ' ಎಂದು ಕರೆದು ನಾವು ತೂಗುತ್ತೇವೆ.

ಪುರಾಣಕಥೆಗಳ ಪ್ರತಿಯೊಂದು ಗ್ರಂಥದ ಹಿಂದೆಯೂ ಅದನ್ನು ಬರೆದಿಟ್ಟವರು, ಬರೆಸಿದವರು, ಜೋಡಿಸಿದವರು, ಅನುವಾದಿಸಿದವರು ಇದ್ದಾರೆ. ಅವರ ಕಾಲದ ಒತ್ತಡಗಳು ಕಥೆಯ ಒಡಲಲ್ಲಿಯೇ ಸೇರಿಹೋಗಿವೆ. ಹೇಳುವ ಕಥೆ ಓದುವ ಪಠ್ಯವಾಗುವ ಈ ಕ್ರಿಯೆಯನ್ನು ಪಠ್ಯೀಕರಣವೆಂದು ಕರೆಯಲಾಗುತ್ತದೆ. ಗ್ರಂಥವೊಂದರ ಪಠ್ಯೀಕರಣದ ಚರಿತ್ರೆಯನ್ನು ಅರಿಯದೆ ಮಾಡಿದ ಹೋಲಿಕೆಯು ಎರಡೂ ಸಂಸ್ಕೃತಿಗಳಿಗೆ ಅನ್ಯಾಯ ಮಾಡುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು. ಕೆಲವು ಪ್ರಸಿದ್ಧ ಗ್ರಂಥಗಳನ್ನು ನಿದರ್ಶನವಾಗಿಟ್ಟುಕೊಂಡು ಈ ನಿಲುವನ್ನು ಇಲ್ಲಿ ವಿವರಿಸಲಾಗಿದೆ.

2. ಪರಿಭಾಷೆಯ ತೊಡಕು

'ಮಿಥ್' ಎಂಬ ಪದಕ್ಕೆ ಕನ್ನಡದಲ್ಲಿ ಪುರಾಣ, ಪುರಾಣಕಥೆ, ಐತಿಹ್ಯ ಎಂಬ ಪದಗಳು ಬಳಕೆಯಾಗಿವೆ. ಕೆಲವರು ಉಚ್ಚಾರದ ಹೋಲಿಕೆಯಿಂದ ಅದನ್ನು 'ಮಿಥ್ಯೆ'ಗೆ ಹತ್ತಿರ ತರುವುದೂ ಉಂಟು. ಗ್ರೀಕಿನ 'ಮುಥೋಸ್' ಎಂದರೆ ಮಾತು, ಕಥನ. ಸಂಸ್ಕೃತದ ಮಿಥ್ಯೆಗೂ ಅದಕ್ಕೂ ಸಂಬಂಧವಿಲ್ಲ. 'ಪುರಾಣ' ಎಂಬ ಪದವೂ ನಿರಪಾಯಕಾರಿಯಲ್ಲ. ಸರ್ಗ, ಪ್ರತಿಸರ್ಗ, ವಂಶ, ಮನ್ವಂತರ, ವಂಶಾನುಚರಿತ ಎಂಬ ಪಂಚಲಕ್ಷಣಗಳುಳ್ಳ ಸಂಸ್ಕೃತ ಗ್ರಂಥಪ್ರಕಾರವನ್ನು ಅದು ಸೂಚಿಸುತ್ತದೆ. ಕನ್ನಡದಲ್ಲಿ ಪಂಪನ 'ಆದಿಪುರಾಣ'ದಿಂದ ಮೊದಲ್ಗೊಂಡ ಜೈನಪುರಾಣಗಳ ಪರಂಪರೆಯೊಂದು ಬೇರೆಯೇ ಇದೆ. 'ನಿನ್ನ ಪುರಾಣ ಸಾಕು' ಎನ್ನುವ ಆಡುಮಾತಿನಲ್ಲಿ ಅದು ಮುಗಿಯದ ಹರಟೆ ಎಂಬ ಅರ್ಥವನ್ನೂ ಪಡೆದಿದೆ.

ಅಮೆರಿಕದ ವಿದ್ವಾಂಸ ವಿಲಿಯಂ ಬ್ಯಾಸ್ಕಂ 1965ರಲ್ಲಿ ಮೌಖಿಕ ಗದ್ಯಕಥನಗಳನ್ನು ಪುರಾಣಕಥೆ, ಐತಿಹ್ಯ, ಜನಪದ ಕಥೆ ಎಂದು ಮೂರಾಗಿ ವಿಂಗಡಿಸಿದನು. ಈ ವಿಂಗಡಣೆಯು ಕಥೆಯ ವಸ್ತುವಿಗಿಂತ ಹೆಚ್ಚಾಗಿ ಹೇಳುವ ಸಮುದಾಯದ ನಂಬುಗೆಯನ್ನು ಆಧರಿಸಿದೆ ಎಂಬುದು ಗಮನಾರ್ಹ. ಹೇಳುವವರು ಅದನ್ನು ಸತ್ಯವೆಂದು ನಂಬುತ್ತಾರೆಯೆ, ಪವಿತ್ರವೆಂದು ಭಾವಿಸುತ್ತಾರೆಯೆ, ಯಾವ ಕಾಲದಲ್ಲಿ ನಡೆದುದೆಂದು ತಿಳಿಯುತ್ತಾರೆ ಎಂಬ ಪ್ರಶ್ನೆಗಳೇ ಅಲ್ಲಿ ನಿರ್ಣಾಯಕ. ಆದ್ದರಿಂದ ಒಂದೇ ಕಥೆ ಒಂದು ಕಡೆ ಪುರಾಣವಾಗಿದ್ದು ಇನ್ನೊಂದು ಕಡೆ ಅಜ್ಜಿಕತೆಯಾಗಿರಬಹುದು. ಮುದ್ರಿತ ಗ್ರಂಥದಲ್ಲಿ ಕಥೆ ಉಳಿಯುತ್ತದೆ. ಅದನ್ನು ಪುರಾಣವಾಗಿಸಿದ ನಂಬುಗೆ ಪುಟದ ಮೇಲೆ ಕಾಣುವುದಿಲ್ಲ. ಓದಿನ ಮೊದಲ ತೊಡಕು ಇರುವುದು ಇಲ್ಲಿಯೇ.

3. ಮೂಲಪಠ್ಯಗಳೆಂಬುವುಗಳ ಹುಟ್ಟು

ಲೋಕಪುರಾಣಗಳ ಗ್ರಂಥಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು: ಮೂಲಪಠ್ಯಗಳು ಮತ್ತು ಅವುಗಳ ಅನುವಾದಗಳು; ಸಾಮಾನ್ಯ ಓದುಗರಿಗಾಗಿ ಸಿದ್ಧಪಡಿಸಿದ ಕೈಪಿಡಿಗಳು; ಹಲವು ಸಂಸ್ಕೃತಿಗಳ ಕಥೆಗಳನ್ನು ಒಂದು ಸಿದ್ಧಾಂತದ ಅಡಿಯಲ್ಲಿ ತರುವ ತೌಲನಿಕ ಗ್ರಂಥಗಳು. ಇವುಗಳಲ್ಲಿ ಮೊದಲನೆಯ ಬಗೆಯೇ ಅತ್ಯಂತ ವಿಶ್ವಸನೀಯ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ 'ಮೂಲ' ಎಂದು ನಾವು ಕರೆಯುವ ಪಠ್ಯವೂ ಒಂದು ನಿರ್ದಿಷ್ಟ ಗಳಿಗೆಯಲ್ಲಿ, ನಿರ್ದಿಷ್ಟ ಉದ್ದೇಶದಿಂದ ರೂಪುಗೊಂಡುದಾಗಿರುತ್ತದೆ.

ಉತ್ತರ ಯುರೋಪಿನ ಓಡಿನ್, ಥೋರ್, ಲೋಕಿ ಮೊದಲಾದ ದೇವತೆಗಳ ಬಗೆಗೆ ಇಂದು ಪ್ರಚಾರದಲ್ಲಿರುವ ಕಥೆಗಳ ಬಹುಭಾಗ ಐಸ್‌ಲೆಂಡಿನ ಸ್ನೊರಿ ಸ್ಟರ್ಲುಸನ್ ಸುಮಾರು 1220ರ ವೇಳೆಗೆ ರಚಿಸಿದ ಗದ್ಯ ಎಡ್ಡಾದಿಂದ ಬಂದುದು. ಐಸ್‌ಲೆಂಡ್ ಕ್ರೈಸ್ತಧರ್ಮವನ್ನು ಸ್ವೀಕರಿಸಿದ್ದು ಸುಮಾರು ಕ್ರಿ.ಶ. 1000ದಲ್ಲಿ. ಎಂದರೆ ಸ್ನೊರಿ ಬರೆಯುವ ಹೊತ್ತಿಗೆ ಆ ದೇವತೆಗಳ ಆರಾಧನೆ ನಿಂತು ಎರಡು ಶತಮಾನಗಳು ಕಳೆದಿದ್ದವು. ಸ್ವತಃ ಕ್ರೈಸ್ತನೂ ರಾಜಕಾರಣಿಯೂ ಆಗಿದ್ದ ಅವನ ಉದ್ದೇಶ ಧಾರ್ಮಿಕವಾಗಿರಲಿಲ್ಲ. ಹಳೆಯ ಕಾವ್ಯದ ರೂಪಕಗಳು ಹೊಸ ಕವಿಗಳಿಗೆ ಅರ್ಥವಾಗದೆ ಹೋದಾವೆಂಬ ಆತಂಕದಿಂದ ಅವನು ಈ ಕೃತಿಯನ್ನು ಸಿದ್ಧಪಡಿಸಿದನು. ಹೀಗೆ ಇದು ಮುಖ್ಯವಾಗಿ ಒಂದು ಕಾವ್ಯಲಕ್ಷಣ ಗ್ರಂಥ. 'ಕವಿರಾಜಮಾರ್ಗ'ವನ್ನು ಬಲ್ಲ ಕನ್ನಡದ ಓದುಗರಿಗೆ, ಲಕ್ಷಣಕಾರನು ತನ್ನ ಉದ್ದೇಶಕ್ಕೆ ತಕ್ಕಂತೆ ಸಾಮಗ್ರಿಯನ್ನು ಆಯುತ್ತಾನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ದೇವತೆಗಳು ವಾಸ್ತವವಾಗಿ ಟ್ರಾಯ್ ಕಡೆಯಿಂದ ವಲಸೆ ಬಂದ ಅರಸರೆಂಬ ವಿವರಣೆ ಅವನ ಪೀಠಿಕೆಯಲ್ಲಿ ಬರುತ್ತದೆ.

ಸ್ನೊರಿಯ ಪಾಠವೊಂದೇ ಇರಲಿಲ್ಲ ಎಂಬುದಕ್ಕೆ ಬಾಲ್ಡರ್‌ನ ಸಾವಿನ ಕಥೆ ಸಾಕ್ಷಿ. ಸ್ನೊರಿಯಲ್ಲಿ, ಲೋಕಿಯ ಕುತಂತ್ರದಿಂದ ಕುರುಡನಾದ ಹೋಡ್ ಎಸೆದ ಬಂದಣಿಕೆಯ ಕಡ್ಡಿಯಿಂದ ನಿರ್ದೋಷಿಯಾದ ಬಾಲ್ಡರ್ ಸಾಯುತ್ತಾನೆ. ಸರಿಸುಮಾರು ಅದೇ ಕಾಲದ ಡೆನ್ಮಾರ್ಕಿನ ಚರಿತ್ರಕಾರ ಸಾಕ್ಸೊ ಗ್ರಮ್ಯಾಟಿಕಸ್ ಲ್ಯಾಟಿನ್ನಿನಲ್ಲಿ ಬರೆದ ಪಾಠದಲ್ಲಾದರೋ ಹೋಡ್ ಕುರುಡನಲ್ಲ. ನನ್ನಾ ಎಂಬ ಹೆಣ್ಣಿಗಾಗಿ ಬಾಲ್ಡರ್‌ನೊಡನೆ ಹೋರಾಡಿ ಕತ್ತಿಯಿಂದ ಅವನನ್ನು ಕೊಲ್ಲುವ ವೀರನವನು. ಇಂದಿನ ಕೈಪಿಡಿಗಳು ಸ್ನೊರಿಯನ್ನು ಅನುಸರಿಸುವುದರಿಂದ ಎರಡನೆಯ ಪಾಠವೊಂದಿದೆ ಎಂಬುದೇ ಬಹುಮಂದಿ ಓದುಗರಿಗೆ ತಿಳಿಯದು.

ಮಧ್ಯ ಅಮೆರಿಕದ ಕಿಚೆ ಮಾಯಾ ಜನರ 'ಪೊಪೊಲ್ ವುಹ್' ಇನ್ನೂ ತೀಕ್ಷ್ಣವಾದ ನಿದರ್ಶನ. ಸ್ಪೇನಿನ ಆಕ್ರಮಣದ ನಂತರ, 1550ರ ದಶಕದಲ್ಲಿ, ಕಿಚೆ ಕುಲೀನರು ತಮ್ಮ ಪರಂಪರೆಯ ಕಥನವನ್ನು ಲ್ಯಾಟಿನ್ ಲಿಪಿಯಲ್ಲಿ ಬರೆದಿಟ್ಟರು. ಕ್ರೈಸ್ತ ಬೋಧನೆಯ ನಡುವೆ ನಿಂತು ಇದನ್ನು ಬರೆಯುತ್ತಿದ್ದೇವೆಂದೂ ಹಿಂದಿನ ಗ್ರಂಥ ಈಗ ಕಣ್ಣಿಗೆ ಬೀಳದೆಂದೂ ಪಠ್ಯವೇ ಆರಂಭದಲ್ಲಿ ಸೂಚಿಸುತ್ತದೆ. ಆ ಪ್ರತಿ ಉಳಿದಿಲ್ಲ. ಚಿಚಿಕಾಸ್ತೆನಾಂಗೊದಲ್ಲಿ ಪಾದ್ರಿಯಾಗಿದ್ದ ಫ್ರಾನ್ಸಿಸ್ಕೊ ಹಿಮೆನೆಸ್ 18ನೆಯ ಶತಮಾನದ ಆರಂಭದಲ್ಲಿ ಮಾಡಿಕೊಂಡ ನಕಲು ಮಾತ್ರ ಉಳಿದು, ಇಂದು ಷಿಕಾಗೊದ ನ್ಯೂಬೆರಿ ಗ್ರಂಥಾಲಯದಲ್ಲಿದೆ. ಒಂದು ಅಂಕಣದಲ್ಲಿ ಕಿಚೆ ಪಠ್ಯ, ಪಕ್ಕದ ಅಂಕಣದಲ್ಲಿ ಅವನ ಸ್ಪ್ಯಾನಿಷ್ ಅನುವಾದ. ಅದೇ ಸಂಪುಟದಲ್ಲಿ ಅವನು ರಚಿಸಿದ ಸ್ಥಳೀಯ ಭಾಷೆಗಳ ವ್ಯಾಕರಣವೂ ಪಾಪನಿವೇದನೆಯ ಕೈಪಿಡಿಯೂ ಸೇರಿವೆ. ಸ್ಥಳೀಯರ 'ತಪ್ಪುನಂಬುಗೆ'ಗಳನ್ನು ಖಂಡಿಸಲು ಮೊದಲು ಅವುಗಳನ್ನು ತಿಳಿಯಬೇಕೆಂಬುದು ಅವನ ಆಶಯವಾಗಿತ್ತು. ಒಂದು ಸಮುದಾಯದ ಪುರಾಣ ಅದನ್ನು ಅಳಿಸಬಯಸಿದ ವ್ಯವಸ್ಥೆಯ ಕೈಬರಹದಲ್ಲಿಯೇ ಉಳಿದುಬಂದ ಬಗೆ ಇದು. 1985ರಲ್ಲಿ ಡೆನ್ನಿಸ್ ಟೆಡ್ಲಾಕ್ ಇದನ್ನು ಇಂಗ್ಲಿಷಿಗೆ ತರುವಾಗ ಆಂದ್ರೆಸ್ ಶಿಲೋಹ್ ಎಂಬ ಕಿಚೆ ಕಾಲಗಣಕ ಪುರೋಹಿತರೊಡನೆ ಕುಳಿತು ಪಠ್ಯವನ್ನು ಚರ್ಚಿಸಿದರು. ಮೂಲಪಠ್ಯ ಒಂದೇ ಆಗಿದ್ದರೂ ಹಿಮೆನೆಸ್‌ನ ಅನುವಾದಕ್ಕೂ ಟೆಡ್ಲಾಕ್ ಅನುವಾದಕ್ಕೂ ಇರುವ ಅಂತರ ಭಾಷೆಯದಷ್ಟೇ ಅಲ್ಲ. ಯಾರ ಜೊತೆ ಕುಳಿತು ಓದಿದರೆಂಬುದರ ಅಂತರವೂ ಅಲ್ಲಿದೆ.

'ಗಿಲ್ಗಮೆಶ್' ಕಥನದ ಪುನರ್ಜನ್ಮ ಇನ್ನೊಂದು ಪಾಠವನ್ನು ಕಲಿಸುತ್ತದೆ. ನಿನೆವೆಯ ಅಶುರ್ಬನಿಪಾಲ ದೊರೆಯ ಗ್ರಂಥಭಂಡಾರದ ಮಣ್ಣಿನ ಫಲಕಗಳನ್ನು ಬ್ರಿಟಿಷ್ ಮ್ಯೂಸಿಯಂನಲ್ಲಿ ಓದುತ್ತಿದ್ದ ಜಾರ್ಜ್ ಸ್ಮಿತ್, ಅವುಗಳಲ್ಲಿ ಜಲಪ್ರಳಯದ ಕಥೆಯಿರುವುದನ್ನು 1872ರ ಡಿಸೆಂಬರ್ 3ರಂದು ಲಂಡನ್ನಿನ ಸಭೆಯೊಂದರಲ್ಲಿ ಪ್ರಕಟಪಡಿಸಿದನು. 1876ರಲ್ಲಿ ಬಂದ ಅವನ ಗ್ರಂಥದ ಹೆಸರು 'ದಿ ಕಾಲ್ಡಿಯನ್ ಅಕೌಂಟ್ ಆಫ್ ಜೆನೆಸಿಸ್'. ಬೈಬಲಿಗಿಂತ ಹಿಂದಿನ ಕಥನವೊಂದು ಬೈಬಲಿನ ಮೊದಲ ಕಾಂಡದ ಹೆಸರು ಹೊತ್ತು ಜಗತ್ತಿಗೆ ಪರಿಚಯವಾಯಿತು. ಗೆಳೆಯನ ಸಾವಿನಿಂದ ಕಂಗೆಟ್ಟು ಅಮರತ್ವವನ್ನು ಹುಡುಕಿ ಬರಿಗೈಯಲ್ಲಿ ಮರಳುವ ಅರಸನ ಕಥೆ ಬಹುಕಾಲ ಪ್ರಳಯದ ಪ್ರಸಂಗದ ನೆರಳಲ್ಲಿ ಉಳಿಯಬೇಕಾಯಿತು. ಅಲ್ಲದೆ ಈ ಪಠ್ಯ ಇಂದಿಗೂ ಪೂರ್ಣವಾಗಿಲ್ಲ. 2003ರಲ್ಲಿ ಆಂಡ್ರೂ ಜಾರ್ಜ್ ಅವರ ವಿಮರ್ಶಾತ್ಮಕ ಆವೃತ್ತಿ ಬಂದ ಮೇಲೂ, ಇರಾಕಿನ ಸುಲೈಮಾನಿಯಾ ವಸ್ತುಸಂಗ್ರಹಾಲಯಕ್ಕೆ ಸೇರಿದ ಫಲಕವೊಂದರ ಪಾಠ 2014ರಲ್ಲಿ ಪ್ರಕಟವಾಗಿ, ದೇವದಾರು ವನದ ವರ್ಣನೆಗೆ ಹೊಸ ಸಾಲುಗಳನ್ನು ಒದಗಿಸಿತು. ಮುರಿದ ಫಲಕಗಳ ನಡುವಣ ಖಾಲಿಜಾಗಗಳನ್ನು ಮುಚ್ಚಿ ನಿರರ್ಗಳವಾಗಿ ಸಾಗುವ ಅನುವಾದ ಓದಲು ಹಿತವಾಗಿರಬಹುದು. ಆದರೆ ಸಂಶೋಧಕನಿಗೆ ಆ ಖಾಲಿಜಾಗಗಳೂ ಬೇಕು.

4. ಕೈಪಿಡಿಗಳ ಉಪಯೋಗ ಮತ್ತು ಮಿತಿ

ನಮ್ಮ ಗ್ರಂಥಾಲಯಗಳಲ್ಲಿ ಮೂಲಪಠ್ಯಗಳಿಗಿಂತ ಸುಲಭವಾಗಿ ದೊರೆಯುವುವು ಕೈಪಿಡಿಗಳು. ಗ್ರೀಕ್ ಮತ್ತು ರೋಮನ್ ಕಥೆಗಳಿಗೆ ಥಾಮಸ್ ಬುಲ್‌ಫಿಂಚ್‌ನ 'ದಿ ಏಜ್ ಆಫ್ ಫೇಬಲ್' (1855), ಎಡಿತ್ ಹ್ಯಾಮಿಲ್ಟನ್‌ರ 'ಮೈಥಾಲಜಿ' (1942), ರಾಬರ್ಟ್ ಗ್ರೇವ್ಸ್‌ರ 'ದಿ ಗ್ರೀಕ್ ಮಿಥ್ಸ್' (1955) ಇವು ಹೆಸರಾದವು. ಶುದ್ಧ ಅಭಿರುಚಿಗೂ ಸದಾಚಾರಕ್ಕೂ ಒಗ್ಗದ ಅಂಶಗಳನ್ನು ಬಿಟ್ಟಿರುವುದಾಗಿ ಬುಲ್‌ಫಿಂಚ್ ಮುನ್ನುಡಿಯಲ್ಲಿಯೇ ಸ್ಪಷ್ಟಪಡಿಸುತ್ತಾನೆ. ಆತ ಹೇಳಿಯಾದರೂ ಬಿಟ್ಟಿದ್ದಾನೆ. ಹೇಳದೆ ಬಿಡುವ ಕೈಪಿಡಿಗಳೇ ಹೆಚ್ಚು.

ಕೈಪಿಡಿಯ ಮುಖ್ಯ ಸಮಸ್ಯೆ ಬಿಡುವುದಕ್ಕಿಂತ ಹೆಚ್ಚಾಗಿ ಬೆಸೆಯುವುದರಲ್ಲಿದೆ. ಮೆಡೂಸಾಳ ಕಥೆಯನ್ನು ಗಮನಿಸಬಹುದು. ಸುಮಾರು ಕ್ರಿ.ಪೂ. 700ರ ಹೆಸಿಯೋಡನ 'ಥಿಯೋಗನಿ'ಯಲ್ಲಿ ಆಕೆ ಮೂವರು ಗಾರ್ಗನ್ ಸೋದರಿಯರಲ್ಲಿ ಮರ್ತ್ಯಳಾದವಳು. ಸಮುದ್ರದೇವತೆ ಆಕೆಯನ್ನು ಹೂವಿನ ಹುಲ್ಲುಗಾವಲಿನಲ್ಲಿ ಕೂಡುತ್ತಾನೆ. ಶಾಪದ ಪ್ರಸ್ತಾಪವೇ ಇಲ್ಲ. ಏಳು ಶತಮಾನಗಳ ತರುವಾಯ ರೋಮಿನ ಕವಿ ಓವಿಡ್ ತನ್ನ 'ಮೆಟಮಾರ್ಫಸಿಸ್'ನಲ್ಲಿ ಆಕೆಯನ್ನು ಸುಂದರಿಯನ್ನಾಗಿಸುತ್ತಾನೆ. ದೇವಾಲಯದೊಳಗೆ ಆಕೆಯ ಮೇಲೆ ಅತ್ಯಾಚಾರ ನಡೆಯುತ್ತದೆ, ದೇವತೆಯ ಕೋಪ ಅತ್ಯಾಚಾರಕ್ಕೆ ಒಳಗಾದವಳ ಮೇಲೆಯೇ ತಿರುಗಿ ಆಕೆಯ ತಲೆಗೂದಲು ಹಾವುಗಳಾಗುತ್ತವೆ. ಕೈಪಿಡಿಗಳು ಎರಡನ್ನೂ ಬೆಸೆದು 'ಗ್ರೀಕ್ ಪುರಾಣದ ಮೆಡೂಸಾ' ಎಂದು ನಿರೂಪಿಸುತ್ತವೆ. ಈ ಬೆಸುಗೆಯನ್ನು ಆಧಾರವಾಗಿಟ್ಟುಕೊಂಡು ಗ್ರೀಕರ ಸ್ತ್ರೀದೃಷ್ಟಿಯನ್ನು ನಮ್ಮ ಅಹಲ್ಯೆಯ ಶಾಪದೊಡನೆ ಹೋಲಿಸಿದರೆ, ಆಗಸ್ಟಸ್‌ನ ಕಾಲದ ರೋಮನ್ ಕವಿಯ ಕಲ್ಪನೆಯನ್ನು ಪ್ರಾಚೀನ ಗ್ರೀಕರ ನಂಬುಗೆಯೆಂದು ಭ್ರಮಿಸಿದಂತಾಗುತ್ತದೆ. ಹ್ಯಾಮಿಲ್ಟನ್ ಕಥೆಗಳ ಆರಂಭದಲ್ಲಿ ಯಾವ ಕವಿಯನ್ನು ಅನುಸರಿಸಿದ್ದೇನೆಂಬುದನ್ನು ನಮೂದಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ಓದುಗರು ಬಹುತೇಕ ದಾಟಿಹೋಗುವ ಈ ಚಿಕ್ಕ ಟಿಪ್ಪಣಿಗಳೇ ಸಂಶೋಧಕರಿಗೆ ಆ ಗ್ರಂಥದ ಅತ್ಯಂತ ಉಪಯುಕ್ತ ಭಾಗ.

5. ತೌಲನಿಕ ಗ್ರಂಥಗಳು

ಜೇಮ್ಸ್ ಫ್ರೇಜರ್‌ನ 'ದಿ ಗೋಲ್ಡನ್ ಬೋ' 1890ರಲ್ಲಿ ಎರಡು ಸಂಪುಟಗಳಾಗಿ ಬಂದು, ಮೂರನೆಯ ಆವೃತ್ತಿಯ ವೇಳೆಗೆ ಹನ್ನೆರಡು ಸಂಪುಟಗಳಿಗೆ ಬೆಳೆಯಿತು. ಸಾಯುವ ಮತ್ತು ಮರುಹುಟ್ಟುವ ದೇವತೆಯ ಕಲ್ಪನೆಯನ್ನು ಜನಪ್ರಿಯಗೊಳಿಸಿದ ಈ ಗ್ರಂಥದ ಕರ್ತೃ ಕ್ಷೇತ್ರಕಾರ್ಯ ಮಾಡಿದವನಲ್ಲ. ಮಿಷನರಿಗಳು, ಆಡಳಿತಗಾರರು, ಪ್ರವಾಸಿಗರು ಬರೆದ ವರದಿಗಳೇ ಅವನ ಆಕರ. ಜೋಸೆಫ್ ಕ್ಯಾಂಪ್‌ಬೆಲ್ 1949ರ ತಮ್ಮ 'ದಿ ಹೀರೊ ವಿತ್ ಎ ಥೌಸಂಡ್ ಫೇಸಸ್'ನಲ್ಲಿ ವೀರನ ನಿರ್ಗಮನ, ದೀಕ್ಷೆ, ಪುನರಾಗಮನ ಎಂಬ ಒಂದೇ ಸಂರಚನೆಯನ್ನು ಎಲ್ಲೆಡೆಯೂ ಕಂಡರು. ಈ ಚೌಕಟ್ಟನ್ನು ಮಾದೇಶ್ವರನಿಗೆ ಅನ್ವಯಿಸುವುದು ಕಷ್ಟವಲ್ಲ. ಶ್ರವಣನೆಂಬ ದೊರೆಯ ಸಂಹಾರ, ಏಳುಮಲೆಯ ನೆಲೆ ಇವೆಲ್ಲ ಅದರಲ್ಲಿ ಸುಲಭವಾಗಿ ಕೂರುತ್ತವೆ. ಆದರೆ ಬೇವಿನಹಟ್ಟಿಯ ಕಾಳಮ್ಮನನ್ನು ಒಲಿಸಿಕೊಳ್ಳುವ, ಸಂಕಮ್ಮನ ದುಃಖವನ್ನು ಕೇಳುವ ಪ್ರಸಂಗಗಳಲ್ಲಿ ಒಕ್ಕಲು ಪಡೆಯುವ ದೈವವೊಂದು ಸಮುದಾಯಗಳೊಡನೆ ನಡೆಸುವ ಸೆಣಸು ಮತ್ತು ಒಪ್ಪಂದಗಳಿವೆ. ದೇವರಗುಡ್ಡರ ಹಾಡಿಕೆಯಲ್ಲಿ ಬಹಳ ಹೊತ್ತು ನಿಲ್ಲುವ ಈ ಭಾಗಗಳು ವೀರನ ಪಯಣದ ನಕ್ಷೆಯಲ್ಲಿ ಕೇವಲ ನಿಲ್ದಾಣಗಳಾಗಿಬಿಡುತ್ತವೆ.

ಕ್ಲಾಡ್ ಲೆವಿ-ಸ್ಟ್ರಾಸ್ 1955ರ ಪ್ರಸಿದ್ಧ ಪ್ರಬಂಧದಲ್ಲಿ, ಪುರಾಣಕ್ಕೆ ಒಂದು ಶುದ್ಧ ಮೂಲಪಾಠವಿಲ್ಲ, ಅದರ ಎಲ್ಲ ಪಾಠಗಳೂ ಕೂಡಿಯೇ ಪುರಾಣ ಎಂಬ ನಿಲುವನ್ನು ಮಂಡಿಸಿದರು. ಅವರ ಸಂರಚನಾವಾದಿ ವಿಶ್ಲೇಷಣೆಯನ್ನು ಒಪ್ಪದವರಿಗೂ ಈ ಮಾತು ಪ್ರಯೋಜನಕಾರಿ. ಎ.ಕೆ. ರಾಮಾನುಜನ್ ಅವರು ರಾಮಾಯಣಗಳ ಬಗೆಗೆ ಬರೆದ ಪ್ರಬಂಧದಲ್ಲಿಯೂ ಪ್ರತಿಯೊಂದು ಹೇಳಿಕೆಗೆ ಸ್ವತಂತ್ರ ಸ್ಥಾನವನ್ನು ಕೊಡುವ ನಿಲುವೇ ಇದೆ.

6. ಒಂದು ಆಶಯ, ಮೂರು ಪಠ್ಯಗಳು

ಮೇಲಿನ ವಿಚಾರಗಳನ್ನು ಒಂದು ಆಶಯದ ಮೂಲಕ ಪರೀಕ್ಷಿಸಬಹುದು. ಸ್ಟಿತ್ ಥಾಂಪ್ಸನ್‌ನ ಆಶಯಸೂಚಿಯಲ್ಲಿ, ಏನನ್ನಾದರೂ ತಿಂದು ಗರ್ಭ ಧರಿಸುವ ಆಶಯಕ್ಕೆ ಟಿ 511 ಎಂಬ ಸಂಖ್ಯೆಯಿದೆ. ದಶರಥನ ಪಾಯಸದಿಂದ ನಮಗೆ ಚಿರಪರಿಚಿತವಾದ ಈ ಆಶಯದ, ಅಥವಾ ಅದಕ್ಕೆ ತೀರ ಸಮೀಪವಾದ ಅಲೌಕಿಕ ಗರ್ಭಧಾರಣೆಯ, ಮೂರು ಪಠ್ಯಗಳನ್ನು ಇಲ್ಲಿ ಗಮನಿಸಲಾಗಿದೆ.

ಮೊದಲನೆಯದು ಫಿನ್ಲೆಂಡಿನ 'ಕಾಲೆವಾಲಾ'. ಎಲಿಯಾಸ್ ಲೋನ್‌ರೋಟ್ ಎಂಬ ವೈದ್ಯ ಮುಖ್ಯವಾಗಿ ಕರೇಲಿಯಾ ಪ್ರದೇಶದಲ್ಲಿ ಸಂಗ್ರಹಿಸಿದ ಬಿಡಿಹಾಡುಗಳನ್ನು ಜೋಡಿಸಿ 1835ರಲ್ಲಿ 32 ಸರ್ಗಗಳ, 1849ರಲ್ಲಿ 50 ಸರ್ಗಗಳ ಮಹಾಕಾವ್ಯವನ್ನು ಹೊರತಂದನು. ವಿಸ್ತೃತ ಆವೃತ್ತಿಯಲ್ಲಿ 22,795 ಸಾಲುಗಳಿವೆ. ಅದರ ಕೊನೆಯ ಸರ್ಗದಲ್ಲಿ ಮಾರ್ಯಾತ್ತಾ ಎಂಬ ಕನ್ಯೆ ಗುಡ್ಡದ ಮೇಲಿನ ಕೆಂಪು ಕಾಡುಹಣ್ಣೊಂದನ್ನು ತಿಂದು ಬಸಿರಾಗುತ್ತಾಳೆ. ತಂದೆತಾಯಿ ಹೊರಹಾಕುತ್ತಾರೆ. ಕುದುರೆಯ ಬಿಸಿಯುಸಿರಿನ ನಡುವೆ ಲಾಯದಲ್ಲಿ ಮಗು ಹುಟ್ಟುತ್ತದೆ. ಮುದಿಗಾಯಕ ವೈನಮೋಯಿನೆನ್ ಆ ಮಗುವನ್ನು ಕೊಲ್ಲಬೇಕೆಂದು ತೀರ್ಪು ಕೊಟ್ಟಾಗ ಎರಡು ವಾರದ ಶಿಶುವೇ ಮಾತಾಡಿ ಅವನನ್ನು ಖಂಡಿಸುತ್ತದೆ. ಮಗು ಕರೇಲಿಯಾದ ಅರಸನಾಗುತ್ತದೆ, ಗಾಯಕ ತನ್ನ ವಾದ್ಯವನ್ನು ಬಿಟ್ಟು ತಾಮ್ರದ ದೋಣಿಯಲ್ಲಿ ಹೊರಟುಹೋಗುತ್ತಾನೆ.

ಎರಡನೆಯದು 'ಪೊಪೊಲ್ ವುಹ್'. ಪಾತಾಳವಾದ ಶಿಬಾಲ್ಬಾದ ಒಡೆಯರಿಗೆ ಬಲಿಯಾದವನೊಬ್ಬನ ತಲೆಯನ್ನು ಮರದಲ್ಲಿ ಇಡಲಾಗಿರುತ್ತದೆ. ಆ ಮರ ಬುರುಡೆಯಂಥ ಕಾಯಿಗಳನ್ನು ಬಿಡುತ್ತದೆ. ಶ್ಕಿಕ್ ಎಂಬ ಪಾತಾಳದ ಕನ್ಯೆ ಕೈಚಾಚಿದಾಗ ತಲೆಬುರುಡೆ ಆಕೆಯ ಅಂಗೈಗೆ ಉಗುಳುತ್ತದೆ, ಆಕೆ ಗರ್ಭಿಣಿಯಾಗುತ್ತಾಳೆ. ತಂದೆ ಆಕೆಯ ಹೃದಯವನ್ನು ಕಿತ್ತುತರಲು ಆಜ್ಞಾಪಿಸುತ್ತಾನೆ. ಹೃದಯದ ಬದಲು ಮರದ ಕೆಂಪು ಅಂಟನ್ನು ಕಳಿಸಿ ಆಕೆ ಭೂಮಿಗೆ ಬಂದು, ತಾನು ಸೊಸೆಯೆಂದು ಅತ್ತೆಗೆ ಹೇಳುತ್ತಾಳೆ. ಅತ್ತೆ ನಂಬುವುದಿಲ್ಲ. ಒಂದೇ ಒಂದು ಮೆಕ್ಕೆಜೋಳದ ಬುಡದಿಂದ ಬಲೆತುಂಬ ತೆನೆ ತಂದ ಮೇಲೆ ಒಪ್ಪುತ್ತಾಳೆ.

ಮೂರನೆಯದು ಉತ್ತರ ಕರ್ನಾಟಕದಲ್ಲಿ ಹೆಂಗಸೊಬ್ಬಳಿಂದ ರಾಮಾನುಜನ್ ಸಂಗ್ರಹಿಸಿ, ಭಾರತೀಯ ಈಡಿಪಸ್ ಕುರಿತ ತಮ್ಮ ಪ್ರಬಂಧದಲ್ಲಿ ಚರ್ಚಿಸಿದ ಕನ್ನಡ ಕಥೆ. ತನ್ನ ಮಗನನ್ನೇ ಮದುವೆಯಾಗುವಳೆಂಬ ಹಣೆಬರಹ ಹೊತ್ತು ಹುಟ್ಟಿದ ಹುಡುಗಿ ಅದನ್ನು ತಪ್ಪಿಸಿಕೊಳ್ಳಲು ಕಾಡುಸೇರಿ ಹಣ್ಣು ತಿಂದು ಬದುಕುತ್ತಾಳೆ. ಅರಸನೊಬ್ಬ ಮೂತ್ರ ಮಾಡಿದ ಮಾವಿನಮರದ ಹಣ್ಣು ತಿಂದು ಬಸಿರಾಗುತ್ತಾಳೆ. ಹುಟ್ಟಿದ ಮಗುವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಬೆಳೆದ ಮಗ ಬೇಟೆಗೆ ಬಂದು ಆಕೆಯನ್ನೇ ಮದುವೆಯಾಗುತ್ತಾನೆ. ಆ ಸೀರೆಯ ತುಂಡಿನಿಂದ ಸತ್ಯ ತಿಳಿದಾಗ, ನಂಟುಗಳೆಲ್ಲ ಕಲಸಿಹೋದ ಲಾಲಿಯೊಂದನ್ನು ತೊಟ್ಟಿಲ ಮಗುವಿಗೆ ಹಾಡಿ ಪ್ರಾಣ ಬಿಡುತ್ತಾಳೆ. ಬ್ಯಾಸ್ಕಂನ ವರ್ಗೀಕರಣದಂತೆ ಇದು ಪುರಾಣವಲ್ಲ, ಜನಪದ ಕಥೆ. ಸೂಚಿಯ ಸಂಖ್ಯೆ ಈ ಭೇದವನ್ನು ಗುರುತಿಸುವುದಿಲ್ಲ.

ಈ ಮೂರೂ ಕಥೆಗಳಲ್ಲಿ ಸಮಾನವಾಗಿರುವುದು ಗಂಡಸಿನ ಸಂಗವಿಲ್ಲದೆ ಬಸಿರಾದ ಹೆಣ್ಣು. ಭಿನ್ನವಾಗಿರುವುದು 'ಈ ಮಗು ಯಾರದು?' ಎಂದು ಕೇಳುವವರು ಯಾರು ಎಂಬುದು. ಮಾರ್ಯಾತ್ತಾಳನ್ನು ಕುಟುಂಬವೂ ಊರಿನ ಹಿರಿಯನೂ ಕೇಳುತ್ತಾರೆ, ಉತ್ತರವನ್ನು ಮಗುವೇ ಕೊಡುತ್ತದೆ. ಶ್ಕಿಕ್‌ಳನ್ನು ಮೊದಲು ತಂದೆ, ಅನಂತರ ಅತ್ತೆ ಕೇಳುತ್ತಾರೆ. ಉತ್ತರವನ್ನು ಆಕೆ ಬೆಳೆಯ ಮೂಲಕ ಕೊಡುತ್ತಾಳೆ, ಮೆಕ್ಕೆಜೋಳದ ಹಿಟ್ಟಿನಿಂದಲೇ ಮನುಷ್ಯರು ರೂಪುಗೊಳ್ಳುವ ಕಥನದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯವಿಲ್ಲ. ಕನ್ನಡ ಕಥೆಯಲ್ಲಿ ಕೇಳುವವರೇ ಇಲ್ಲ. ಕಾಡಿನಲ್ಲಿ ಆಕೆ ಒಬ್ಬಳೇ. ಪ್ರಶ್ನೆ ಆಕೆಯೊಳಗೇ ಇದ್ದು, ಉತ್ತರ ತಿಳಿದಾಗ ಅದನ್ನು ಹೇಳಿಕೊಳ್ಳಲು ಮಾತು ಬಾರದ ಕೂಸು ಮಾತ್ರ ಎದುರಿಗಿದೆ.

ಈ ಭಿನ್ನತೆಗಳಿಗೂ ಪಠ್ಯೀಕರಣಕ್ಕೂ ನೇರ ಸಂಬಂಧವಿದೆ. ಮಾರ್ಯಾತ್ತಾಳ ಹಾಡು ಜನರ ಬಾಯಲ್ಲಿ ಕನ್ಯೆ ಮೇರಿಗೆ ಸಂಬಂಧಿಸಿದ ಪ್ರತ್ಯೇಕ ಹಾಡಾಗಿತ್ತು. ಅದನ್ನು ಕಾವ್ಯದ ಕೊನೆಗೆ ತಂದು, ಹಳೆಯ ಲೋಕ ಹಿಂಜರಿದು ಕ್ರೈಸ್ತಯುಗ ಆರಂಭವಾಗುವ ಮುಕ್ತಾಯವನ್ನು ಕಟ್ಟಿದವನು ಲೋನ್‌ರೋಟ್. ಹೀಗಿರುವಾಗ ಆ ವಿನ್ಯಾಸವನ್ನು ಪ್ರಾಚೀನ ಫಿನ್ನಿಷ್ ಪುರಾಣದ ಲಕ್ಷಣವೆಂದು ಹೇಳುವಂತಿಲ್ಲ. ಕನ್ನಡ ಕಥೆಯಾದರೋ ಹೆಣ್ಣಿನ ಬಾಯಿಂದ ಬಂದುದು. ಗ್ರೀಕ್ ನಾಟಕದಲ್ಲಿ ಸತ್ಯವನ್ನು ಹುಡುಕುವವನು ಮಗ, ಇಲ್ಲಿ ಕಥೆಯ ಆದ್ಯಂತ ನಾವು ತಾಯಿಯ ಜೊತೆಗಿದ್ದೇವೆ. ಸಂಗ್ರಾಹಕರು ಹೇಳಿದವಳನ್ನು ಮರೆತು ಕಥೆಯ ಹಂದರವನ್ನಷ್ಟೇ ಕೊಟ್ಟಿದ್ದರೆ ಇದು ಈಡಿಪಸ್ ಕಥೆಯ ಇನ್ನೊಂದು ರೂಪಾಂತರವೆಂದು ಪಟ್ಟಿಯಲ್ಲಿ ಸೇರಿಹೋಗುತ್ತಿತ್ತು.

7. ಕನ್ನಡ ಸಂಶೋಧನೆಯ ಸಂದರ್ಭದಲ್ಲಿ

ಲೋನ್‌ರೋಟ್ ನಾಡಿನ ವಿದ್ವಾಂಸರೇ ಕರ್ನಾಟಕಕ್ಕೆ ಬಂದು ಪಠ್ಯೀಕರಣದ ಬೇರೊಂದು ಮಾದರಿಯನ್ನು ರೂಪಿಸಿದ್ದು ನಮಗೆ ಮುಖ್ಯವಾದ ಸಂಗತಿ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಸಹಯೋಗದಲ್ಲಿ, ಉಜಿರೆಯ ಪರಿಸರದ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ತುಳುವಿನ ಸಿರಿ ಸಂಧಿಯನ್ನು ದಾಖಲಿಸಿದರು. 15,683 ಸಾಲುಗಳ ಈ ಪಠ್ಯ ಇಂಗ್ಲಿಷ್ ಅನುವಾದದೊಡನೆ 1998ರಲ್ಲಿ ಪ್ರಕಟವಾಯಿತು. ಲೋನ್‌ರೋಟ್ ಹಲವು ಹಾಡುಗಾರರ ಸಾಲುಗಳನ್ನು ಜೋಡಿಸಿದರೆ, ಇಲ್ಲಿ ಒಬ್ಬ ಗಾಯಕನ ಒಂದು ಹಾಡಿಕೆ ಮಾತ್ರವಿದೆ. ಅದೇ ಗಾಯಕರು ಹಿಂದೆ ಬಾಯಿಮಾತಿನಲ್ಲಿ ಹೇಳಿ ಬರೆಸಿದ ಪಾಠ ಹಾಡಿದ ಪಾಠಕ್ಕಿಂತ ಬಹಳ ಚಿಕ್ಕದಾಗಿತ್ತು. ಹೇಳಿ ಬರೆಸಿದ್ದು ಮತ್ತು ಹಾಡಿದ್ದು ಒಂದೇ ಪಠ್ಯವಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಡ. ಅಲ್ಲದೆ ಸಿರಿಯ ಜಾತ್ರೆಯಲ್ಲಿ ಆವೇಶಗೊಳ್ಳುವ ಹೆಂಗಸರಿಗೆ ಸಿರಿ ಎಂದೋ ಆಗಿಹೋದ ಕಥಾನಾಯಕಿಯಲ್ಲ. ಅವರು ತಮ್ಮ ಬಾಳಿನ ಸಂಕಟಗಳನ್ನು ಆ ಹೆಸರಿನಲ್ಲಿಯೇ ನುಡಿಯುತ್ತಾರೆ.

ಹೇಳುವ ಹಕ್ಕು ಮತ್ತು ಕಾಲದ ಪ್ರಶ್ನೆಯೂ ಇದರೊಡನೆ ಬರುತ್ತದೆ. ಅಮೆರಿಕದ ನವಾಹೊ ಜನರಲ್ಲಿ ಕಯೋಟಿಯ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕೆಂಬ ಕಟ್ಟಳೆಯಿದೆ. ಅವುಗಳನ್ನು ಧ್ವನಿಮುದ್ರಿಸಿಕೊಂಡಿದ್ದ ಬ್ಯಾರೆ ಟೊಲ್ಕನ್, ಆ ಕಟ್ಟಳೆಯನ್ನು ಇತರರು ಪಾಲಿಸುವರೆಂಬ ಭರವಸೆ ಇಲ್ಲದ್ದರಿಂದ 1997ರಲ್ಲಿ ಮೂಲ ಟೇಪುಗಳನ್ನು ಕಥನಕಾರರ ಕುಟುಂಬಕ್ಕೇ ಹಿಂತಿರುಗಿಸಿದರು. ಸಂಶೋಧನೆಗೆ ನಷ್ಟವಾಯಿತೆಂದು ವಾದಿಸಬಹುದು. ಆದರೆ ಮುದ್ರಿತ ಪುಟವನ್ನು ಯಾವ ಋತುವಿನಲ್ಲಾದರೂ ತೆರೆಯಬಹುದೆಂಬುದೇ ಕಥೆಯ ಸ್ವರೂಪವನ್ನು ಬದಲಿಸುತ್ತದೆ ಎಂಬುದನ್ನು ಅವರ ನಡೆ ನೆನಪಿಸುತ್ತದೆ.

ಪರಕೀಯ ಪುರಾಣಗಳನ್ನು ಒಳಗುಮಾಡಿಕೊಳ್ಳುವ ಸೃಜನಶೀಲ ದಾರಿ ಇದಕ್ಕಿಂತ ಬೇರೆ. ಬಿ.ಎಂ. ಶ್ರೀಕಂಠಯ್ಯನವರು ಸೊಫೋಕ್ಲೀಸನ 'ಏಜಾಕ್ಸ್' ನಾಟಕವನ್ನು ಆಧರಿಸಿ 1929ರಲ್ಲಿ 'ಅಶ್ವತ್ಥಾಮನ್' ರಚಿಸಿದಾಗ ಗ್ರೀಕ್ ವೀರನ ಜಾಗದಲ್ಲಿ ಮಹಾಭಾರತದ ವೀರನನ್ನು ನಿಲ್ಲಿಸಿದರು. ಮಾನಭಂಗದಿಂದ ಬುದ್ಧಿಗೆಟ್ಟ ಯೋಧನ ದುರಂತಕ್ಕೆ ಸಂವಾದಿಯಾದ ಪಾತ್ರವನ್ನು ಅವರು ಇಡೀ ನಾಟಕದ ಒಳಗಿನಿಂದ ಹುಡುಕಿದರು. ಕವಿಗೆ ಈ ಸ್ವಾತಂತ್ರ್ಯವಿದೆ. ಸಂಶೋಧಕನಿಗೆ ಇಲ್ಲ, ಆದರೆ ಮೂಲವನ್ನು ಇಡಿಯಾಗಿ ಓದುವ ಶ್ರೀಯವರ ಶ್ರದ್ಧೆ ಇಬ್ಬರಿಗೂ ಬೇಕು.

ಹಾಗಾದರೆ ಗ್ರೀಕ್, ಕಿಚೆ, ಫಿನ್ನಿಷ್ ಭಾಷೆಗಳನ್ನು ಕಲಿಯದೆ ಕನ್ನಡದ ಸಂಶೋಧಕರು ಹೋಲಿಕೆಗೆ ಕೈಹಾಕಬಾರದೆ? ಹಾಗೆ ವಾದಿಸಿದರೆ ತೌಲನಿಕ ಅಧ್ಯಯನದ ಬಾಗಿಲನ್ನೇ ಮುಚ್ಚಿದಂತಾಗುತ್ತದೆ. ಅನುವಾದವನ್ನು ಅನುವಾದವೆಂದು ತಿಳಿದು ಓದುವುದು ಸಾಧ್ಯ. ಅದಕ್ಕಾಗಿ ಗ್ರಂಥವನ್ನು ತೆರೆದೊಡನೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಕಥೆಯನ್ನು ಮೊದಲು ಬರಹಕ್ಕಿಳಿಸಿದವರು ಯಾರು, ಆಗ ಆ ದೈವಕ್ಕೆ ನಡೆದುಕೊಳ್ಳುವವರು ಇದ್ದರೆ? ಬರೆದವರಿಗೂ ಹೇಳಿದವರಿಗೂ ಇದ್ದ ಅಧಿಕಾರಸಂಬಂಧ ಎಂಥದು? ಇದು ಒಂದು ಪಾಠವೋ ಹಲವು ಪಾಠಗಳ ಬೆಸುಗೆಯೋ? ಬಿಟ್ಟುಹೋದ ಪಾಠಗಳು ಎಲ್ಲಿ ದೊರೆಯುತ್ತವೆ? ಒಳ್ಳೆಯ ಆವೃತ್ತಿಗಳ ಪ್ರಸ್ತಾವನೆ ಮತ್ತು ಟಿಪ್ಪಣಿಗಳಲ್ಲಿ ಇವುಗಳಿಗೆ ಉತ್ತರ ಸಿಗುತ್ತದೆ. ತರಗತಿಯಲ್ಲಿ ಹತ್ತು ಸಂಸ್ಕೃತಿಗಳ ಹತ್ತು ಸಾರಾಂಶಗಳನ್ನು ಓದಿಸುವುದಕ್ಕಿಂತ, ಬಾಲ್ಡರ್‌ನ ಸಾವಿನ ಎರಡು ಪಾಠಗಳನ್ನೋ ಮೆಡೂಸಾಳ ಎರಡು ಪಾಠಗಳನ್ನೋ ಅಕ್ಕಪಕ್ಕದಲ್ಲಿಟ್ಟು ಓದಿಸುವುದು ಹೆಚ್ಚು ಫಲಕಾರಿ.

8. ಸಮಾರೋಪ

ಈ ಪ್ರಶ್ನೆಗಳನ್ನು ಅನ್ಯರ ಗ್ರಂಥಗಳಿಗೆ ಕೇಳಿದ ಮೇಲೆ ನಮ್ಮವುಗಳಿಗೂ ಕೇಳಬೇಕಾಗುತ್ತದೆ. ಜನಪದ ಮಹಾಕಾವ್ಯಗಳ ನಮ್ಮ ಮುದ್ರಿತ ಸಂಪುಟಗಳಲ್ಲಿ ಎಷ್ಟು ಒಬ್ಬ ಗಾಯಕನ ಹಾಡಿಕೆ, ಎಷ್ಟು ಸಂಪಾದಕರ ಜೋಡಣೆ? ಸೊಲ್ಲುಗಳ ಪುನರಾವರ್ತನೆಯನ್ನು ಎಲ್ಲಿ ಕತ್ತರಿಸಲಾಗಿದೆ, ಆಡುನುಡಿಯನ್ನು ಎಲ್ಲಿ ತಿದ್ದಲಾಗಿದೆ? ಇವುಗಳನ್ನು ಇನ್ನೂ ವಿಚಾರಿಸಲು ನಮಗೆ ಅವಕಾಶವಿದೆ. ಸ್ನೊರಿಗೆ ಕಥೆ ಹೇಳಿದವರನ್ನು ಇಂದು ಕೇಳುವಂತಿಲ್ಲ. ಆದರೆ ಕಂಸಾಳೆಯವರೂ ನೀಲಗಾರರೂ ಸಿರಿ ಸಂಧಿಯನ್ನು ಬಲ್ಲವರೂ ನಮ್ಮ ನಡುವೆ ಇದ್ದಾರೆ. ಮುದ್ರಿತ ಸಂಪುಟವನ್ನು ಕೈಯಲ್ಲಿ ಹಿಡಿದು ಮತ್ತೊಮ್ಮೆ ಅವರ ಬಳಿಗೆ ಹೋಗುವುದು, ಪಠ್ಯಕ್ಕೂ ಹಾಡಿಗೂ ನಡುವಣ ಅಂತರವನ್ನು ದಾಖಲಿಸುವುದು ಈ ತಲೆಮಾರಿನ ಸಂಶೋಧಕರು ಮಾಡಬಹುದಾದ ಕೆಲಸ. ಲೋಕಪುರಾಣಗಳ ಗ್ರಂಥಗಳನ್ನು ಎಚ್ಚರದಿಂದ ಓದಿದವರಿಗೆ ಅದರ ಅಗತ್ಯ ಬೇಗ ಮನದಟ್ಟಾಗುತ್ತದೆ.